ಗಾಳಿಯಮ್ಮನ ಮೂಗು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಅಮ್ಮ ಹೇಳುತ್ತಾಳೆ, ಕೆಲಸದಲ್ಲಿ ದೊಡ್ಡ ಮೇಷ್ಟ್ರು ಹೇಳುತ್ತಾರೆ. ಒಬ್ಬರನ್ನೊಬ್ಬರು ನೋಡಿಯೇ ಇರದ ಇಬ್ಬರು ಒಂದೇ ಮಾತು ಹೇಳಿದ ಮೇಲೆ ನಿಜವೇ ಇರಬೇಕು. ಆದರೆ ನಾನು ಬರೆಯಲು ಕೂತಿರುವುದು ನನ್ನ ಮೂಗಿನ ಬಗ್ಗೆ ಅಲ್ಲ, ಗಾಳಿಯಮ್ಮನ ಮೂಗಿನ ಬಗ್ಗೆ.

ಗಾಳಿಯಮ್ಮ ಎಂದರೆ ಮೈಮೇಲೆ ಗಾಳಿ ಬಂದವರೇನಲ್ಲ. ನಮ್ಮ ಪ್ರಯೋಗಾಲಯದಲ್ಲಿ ಬಗೆಬಗೆಯ ಅನಿಲಗಳನ್ನು ಗಾಜಿನ ಕೊಳವೆಗೆ ತುಂಬಿಕೊಡುತ್ತಿದ್ದವರು. ಇಪ್ಪತ್ತೊಂಬತ್ತು ವರ್ಷ ಇಲ್ಲೇ ಕೆಲಸ, ಅದೇ ಎರಡನೇ ಮಹಡಿಯ ಮೂಲೆ ಕೋಣೆ. ಹೇಳಬೇಕಾದ ಹೊತ್ತಿನಲ್ಲಿ ಒಂದು ಮಾತು ಹೇಳದೆ ಹೋದೆ ಎಂಬ ಕೊರಗು ಅವರನ್ನು ಅಷ್ಟೂ ವರ್ಷ ಒಳಗೊಳಗೇ ತಿನ್ನುತ್ತಿತ್ತು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಒಂದು ಕೊಳಕು ಸೀಸೆಯಿಂದ, ಅದೂ ನನ್ನ ಮೂರು ವರ್ಷದ ದುಡಿಮೆ ಮಣ್ಣುಪಾಲಾದ ವಾರದಲ್ಲಿ.

ನಮ್ಮ ಕೆಲಸ ಏನೆಂದು ಕೇಳಿದವರಿಗೆ ನಾನು ಹೀಗೆ ಹೇಳುತ್ತೇನೆ. ದೂರದ ಯಾವುದೋ ನಕ್ಷತ್ರವನ್ನು ಒಂದು ಗ್ರಹ ಸುತ್ತುತ್ತಿರುತ್ತದೆ. ಗ್ರಹ ನಮಗೆ ಕಾಣುವುದಿಲ್ಲ. ಆದರೆ ಅದು ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಕೂದಲೆಳೆಯಷ್ಟು ಕುಗ್ಗುತ್ತದೆ. ಉಳಿದ ಬೆಳಕಿನಲ್ಲಿ ಒಂದು ಚೂರು, ಗ್ರಹದ ಅಂಚಿನ ಗಾಳಿಯನ್ನು ತೂರಿಕೊಂಡು ನಮ್ಮ ದೂರದರ್ಶಕಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ಆ ಗಾಳಿ ಕೆಲವು ಬಣ್ಣಗಳನ್ನು ತಿಂದುಹಾಕಿರುತ್ತದೆ. ನಮ್ಮ ಕಣ್ಣಿಗೆ ಕಾಣದ ಬಣ್ಣಗಳನ್ನು. ಒಂದೊಂದು ಅನಿಲ ತಿನ್ನುವ ಬಣ್ಣ ಬೇರೆ ಬೇರೆ. ಯಾವುದು ಕಾಣೆಯಾಗಿದೆ ಎಂದು ನೋಡಿ, ಅಲ್ಲಿನ ಗಾಳಿಯಲ್ಲಿ ಏನಿದೆ ಎಂದು ಹೇಳಬಹುದು. ಹಾಗೆ ಹೇಳಬೇಕಾದರೆ ಮೊದಲು ಅದೇ ಅನಿಲವನ್ನು ಇಲ್ಲಿ, ಭೂಮಿಯ ಮೇಲೆ, ಒಂದು ಕೊಳವೆಗೆ ತುಂಬಿ, ಬೆಳಕು ಹಾಯಿಸಿ, ಅದು ಏನೇನು ತಿನ್ನುತ್ತದೆ ಎಂದು ಪಟ್ಟಿ ಮಾಡಿಟ್ಟುಕೊಂಡಿರಬೇಕು. ಇಲ್ಲಿನ ಪಟ್ಟಿ ತಪ್ಪಿದರೆ ಅಲ್ಲಿನ ಗ್ರಹವೂ ತಪ್ಪಿತು. ಆ ಕೊಳವೆ ತುಂಬುವವರೇ ಗಾಳಿಯಮ್ಮ.

ಅವರ ಕೋಣೆಯಲ್ಲಿ ಒಂದು ಪಂಪು ಇಡೀ ದಿನ ಗುಂಯ್‌ಗುಡುತ್ತಿತ್ತು. ಗಾಜಿನ ಬಾಗಿಲು ಹಾಕಿ, ಮೇಲೆ ಫ್ಯಾನು ಕೂರಿಸಿದ ದೊಡ್ಡ ಗೂಡಿನೊಳಗೆ ಕವಲು ಕವಲಾದ ಗಾಜಿನ ನಳಿಗೆಗಳು, ಅವುಗಳ ತುಂಬ ತಿರುಪುಗಳು. ಯಾವ ತಿರುಪು ಎಷ್ಟು ಸುತ್ತು ತಿರುಗಿದರೆ ಹಿಡಿಯುತ್ತದೆ, ಯಾವುದು ಸೋರುತ್ತದೆ ಎಂಬುದೆಲ್ಲ ಅವರ ಬೆರಳಿಗೆ ಗೊತ್ತಿತ್ತು. ಬೇಸಿಗೆಯಲ್ಲೂ ತೋಳುದ್ದದ ಸ್ವೆಟರು, ಅದರ ಮೇಲೆ ಬಿಳಿ ಕೋಟು, ಕೋಟಿನ ಜೇಬಿನಲ್ಲಿ ಒಂದು ಮೋಟು ಪೆನ್ಸಿಲು. ನಾವೆಲ್ಲ ಅಳತೆಗಳನ್ನು ಕಂಪ್ಯೂಟರಿಗೆ ಹಾಕಿದರೆ ಅವರು ದಪ್ಪ ರಟ್ಟಿನ ಲಾಗ್ ಪುಸ್ತಕದಲ್ಲಿ ಬರೆಯುತ್ತಿದ್ದರು. ಅದರ ಕೊನೆಯ ಕಾಲಂ ಷರಾ. ಅಲ್ಲಿ ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: “ಕೊಳೆತ ಮೊಟ್ಟೆ. ಸರಿ.” “ಬೆಳ್ಳುಳ್ಳಿ, ಸ್ವಲ್ಪ ಜಾಸ್ತಿ.” “ಸಿಹಿ ಬರಬಾರದು, ಬರ್ತಾ ಇದೆ. ಸೀಸೆ ಅನುಮಾನ.”

ಇದು ನಿಯಮಕ್ಕೆ ವಿರುದ್ಧ. ಆ ಕೋಣೆಯ ಗೋಡೆಗೆ ದೊಡ್ಡ ಮೇಷ್ಟ್ರೇ, ಅಂದರೆ ನಮ್ಮ ವಿಭಾಗದ ಮುಖ್ಯಸ್ಥರೇ, ಒಂದು ಹಲಗೆ ಹೊಡೆಸಿದ್ದರು: “ಮೂಗು ಉಪಕರಣವಲ್ಲ.” ಅನಿಲಗಳನ್ನು ಮೂಸಿ ನೋಡುವುದು ಅಪಾಯ, ಮೂಸಿ ಹೇಳಿದ್ದು ಲೆಕ್ಕಕ್ಕೂ ಇಲ್ಲ ಎಂದು ಅದರ ಅರ್ಥ. ಗಾಳಿಯಮ್ಮ ಬೇಕೆಂದು ಮೂಸುತ್ತಿರಲಿಲ್ಲ. ಆದರೆ ಸೀಸೆ ಬಿಚ್ಚುವಾಗ, ನಳಿಗೆ ಕಳಚುವಾಗ ಒಂದು ಎಳೆ ಬಂದೇ ಬರುತ್ತದೆ. ನಮಗೆ ಬರೀ ನಾತ ಅನಿಸುವುದು ಅವರಿಗೆ ಬಿಡಿಸಿಟ್ಟ ಹಾಗೆ ಗೊತ್ತಾಗುತ್ತಿತ್ತು. ನಾನು ಊಟದ ಬದಲು ಬಿಸ್ಕತ್ತು ತಿಂದಿದ್ದರೆ ಬಾಗಿಲಲ್ಲೇ ಹಿಡಿಯುತ್ತಿದ್ದರು.

“ಊಟ ಬಿಟ್ಟು ಇವತ್ತೂ ಬಿಸ್ಕತ್ತೇನೇ ಹುಡುಗಿ? ನಿಮ್ಮಮ್ಮಂಗೆ ಫೋನ್ ಮಾಡ್ತೀನಿ ನೋಡು.”

“ಮಾಡಿ. ನಿಮ್ಮಿಬ್ಬರಿಗೂ ಬೇರೆ ಕೆಲಸ ಇಲ್ಲ” ಎನ್ನುತ್ತಿದ್ದೆ ನಾನು.

ಅವರ ಗಂಡ ಬೋರ್ಡು ಬರೆಯುತ್ತಿದ್ದವರು. ಅಂಗಡಿಗಳ ಮೇಲಿನ ಹೆಸರು, ಶಾಲೆಯ ಗೇಟಿನ ಹೆಸರು, ಲಾರಿಗಳ ಹಿಂದಿನ ನಂಬರು. ಆತ ಲಿವರ್ ಕೆಟ್ಟು ತೀರಿಕೊಂಡಾಗ ಗಾಳಿಯಮ್ಮನಿಗೆ ಇಪ್ಪತ್ತೊಂಬತ್ತು ವರ್ಷ, ಕೈಯಲ್ಲೊಂದು ಮೂರು ವರ್ಷದ ಮಗಳು. ಮೂರು ತಿಂಗಳ ನಂತರ ನಮ್ಮಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದರು. ತೊಳೆಯುತ್ತ ತೊಳೆಯುತ್ತ ಜೋಡಿಸುವುದನ್ನು ಕಲಿತರು, ಜೋಡಿಸುತ್ತ ತುಂಬುವುದನ್ನು. ಆಗ ಹೊಸದಾಗಿ ಬಂದಿದ್ದ ದೊಡ್ಡ ಮೇಷ್ಟ್ರು, ಎರಡು ಪದವಿ ಪಡೆದವರು, ಮೊದಲ ವರ್ಷ ಒಡೆದ ಕೊಳವೆಗಳನ್ನೆಲ್ಲ ಗಾಳಿಯಮ್ಮ ದೂರು ಹೇಳದೆ ಗುಡಿಸಿ ಹಾಕಿದರಂತೆ. ಇದನ್ನು ಹೇಳಿದ್ದು ಮೇಷ್ಟ್ರೇ. ಗಾಳಿಯಮ್ಮ ಬಾಯಿಬಿಟ್ಟವರಲ್ಲ.

ನಮ್ಮಲ್ಲಿದ್ದ ಅನಿಲಗಳಲ್ಲಿ ಒಂದಕ್ಕೆ ಡೈಮೀಥೈಲ್ ಸಲ್ಫೈಡ್ ಎಂದು ಹೆಸರು. ಅಷ್ಟುದ್ದ ಯಾರು ಹೇಳುತ್ತಾರೆ? ಬೇಯಿಸಿದ ಕೋಸಿನ ವಾಸನೆ ಬರುತ್ತದೆಂದು ನಾವು ಅದನ್ನು ‘ಕೋಸು’ ಎಂದೇ ಕರೆಯುತ್ತಿದ್ದೆವು. ಕಡಲಿನ ಸೂಕ್ಷ್ಮಜೀವಿಗಳಿಂದ ಹುಟ್ಟುವ ಅನಿಲ ಇದು. ಭೂಮಿಯ ಗಾಳಿಯಲ್ಲಿ ಈ ಅನಿಲ ಇರುವಷ್ಟೂ ಹೆಚ್ಚುಕಡಿಮೆ ಜೀವಿಗಳು ಮಾಡಿದ್ದೇ. ಅದಕ್ಕೇ ಬೇರೆ ಗ್ರಹದಲ್ಲಿ ಅದು ಕಂಡರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಆ ಸೀಸೆ ತೆಗೆದ ದಿನ ಎರಡನೇ ಮಹಡಿಯೇ ಖಾಲಿಯಾಗುತ್ತಿತ್ತು. ಗಾಳಿಯಮ್ಮ ಮಾತ್ರ ಆರಾಮಾಗಿ ನಿಂತು ತುಂಬುತ್ತಿದ್ದರು. ಬೇರೆ ಯಾರಿಗೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಗಾಳಿಯಮ್ಮನಿಗೆ ಇಪ್ಪತ್ತು ವರ್ಷದಿಂದ ನೆಗಡಿ ಎಂದು ನಾವು ನಗುತ್ತಿದ್ದೆವು. ಆ ನಗೆಮಾತು ಹುಟ್ಟಿಸಿದವಳು ನಾನೇ, ಈಗ ನೆನೆಸಿಕೊಂಡರೆ ನಾಲಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಇನ್ನು ನನ್ನ ಗ್ರಹ. ಮೂರು ವರ್ಷ ನಾನು ಅದೊಂದನ್ನೇ ತಲೆಯ ಮೇಲೆ ಹೊತ್ತುಕೊಂಡು ತಿರುಗಿದ್ದೆ. “ಹೇಗಿದೆ ನಿನ್ನ ಗ್ರಹಚಾರ?” ಎಂದು ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು. ಅದರ ಬೆಳಕಿನಲ್ಲಿ ಒಂದು ಕಡೆ ಬಣ್ಣ ಕಾಣೆಯಾಗಿತ್ತು. ಕೋಸು ತಿನ್ನುವ ಜಾಗದಲ್ಲೇ. ಆದರೆ ಹಳೆಯ ಪಟ್ಟಿ ಮಾಡಿದ್ದು ಕೋಣೆಯ ಬಿಸಿಯಲ್ಲಿ, ಸಾಮಾನ್ಯ ಗಾಳಿ ಬೆರೆಸಿ. ನನ್ನ ಗ್ರಹ ಬಿಸಿ, ಅಲ್ಲಿ ತುಂಬ ಇರುವುದು ಹೈಡ್ರೋಜನ್. ಹಳೆಯ ಪಟ್ಟಿಯ ಜೊತೆ ಇಟ್ಟು ನೋಡಿದರೆ ‘ಇದ್ದರೂ ಇರಬಹುದು’ ಎನ್ನುವಷ್ಟೇ ಹೊಂದುತ್ತಿತ್ತು. ಅಲ್ಲಿನಂತೆಯೇ ಬಿಸಿ ಮಾಡಿ, ಹೈಡ್ರೋಜನ್ ಬೆರೆಸಿ ಹೊಸ ಪಟ್ಟಿ ಮಾಡಬೇಕಿತ್ತು. ಅದು ಹೊಂದಿದರೆ ನನ್ನ ಗ್ರಹದಲ್ಲಿ ಏನೋ ಬದುಕಿದೆ ಎಂದು ಹೇಳುವ ಧೈರ್ಯ ಬರುತ್ತಿತ್ತು. ಹೊಂದದಿದ್ದರೆ ಮೂರು ವರ್ಷ ಕೈಬಿಟ್ಟಂತೆ.

ಹೊಸ ಸೀಸೆ ತರಿಸಿದೆವು. ಸೋಮವಾರ ಬೆಳಿಗ್ಗೆ ಗಾಳಿಯಮ್ಮ ಅದನ್ನು ನಳಿಗೆಗೆ ಜೋಡಿಸಿದರು. ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಅದ್ದಿ ಗಟ್ಟಿ ಮಾಡುವುದು, ಮೇಲೆ ಉಳಿದ ಗಾಳಿಯನ್ನು ಪಂಪಿನಿಂದ ಎಳೆಯುವುದು, ಮತ್ತೆ ಕರಗಿಸುವುದು. ಹೀಗೆ ಮೂರು ಸಲ. ನಾನು ಬಾಗಿಲಾಚೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದೆ. ಅವರು ಸೀಸೆಯ ಬಾಯಿ ಕಳಚಿದ ಮೇಲೆ ತುಸು ಹೆಚ್ಚು ಹೊತ್ತೇ ಅಲ್ಲಿ ನಿಂತಿದ್ದರು ಎಂಬುದು ಆಮೇಲೆ ನೆನಪಿಗೆ ಬಂತು. ಆಗ ನನಗೆ ಬೇಕಾಗಿದ್ದದ್ದು ಕೊಳವೆ ಮಾತ್ರ.

ಮಂಗಳವಾರ ಮಧ್ಯಾಹ್ನ ಎರಡು ಗೆರೆಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಇಟ್ಟೆವು: ನನ್ನ ಗ್ರಹದ್ದು, ಗಾಳಿಯಮ್ಮನ ಕೊಳವೆಯದ್ದು. ಅಳೆದು ಹೊಲಿಸಿದ ಅಂಗಿಯ ಹಾಗೆ ಕೂತವು. ದೊಡ್ಡ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ನಾನು ಕುಣಿದೆ. ನಾಚಿಕೆ ಬಿಟ್ಟು, ಕಾರಿಡಾರಿನಲ್ಲಿ, ಎಲ್ಲರೆದುರು. ಆಮೇಲೆ ಓಡಿಹೋಗಿ ಗಾಳಿಯಮ್ಮನನ್ನು ತಬ್ಬಿಕೊಂಡೆ.

ಅವರು ಒಂದೇ ಮಾತು ಕೇಳಿದರು. “ಅಂದ್ರೆ, ಅಲ್ಲಿ ಹೋಗಿ ನಿಂತ್ರೆ, ಗಾಳಿ ಇದೇ ವಾಸನೆ ಬರುತ್ತೇನೇ?”

“ನಿಲ್ಲೋಕಾದ್ರೆ ಬರುತ್ತಮ್ಮ. ಇಡೀ ಗ್ರಹವೇ ಕೋಸು!”

ಅವರು ನಕ್ಕರು. ನಕ್ಕು, ಮುಖ ತೊಳೆದುಕೊಂಡು ಬರುತ್ತೇನೆಂದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ದಣಿದಿರಬೇಕು ಅಂದುಕೊಂಡೆ. ನನ್ನ ಖುಷಿಯಲ್ಲಿ ನನಗೆ ಕಣ್ಣೇ ಇರಲಿಲ್ಲ.

ಬುಧವಾರವೆಲ್ಲ ಕೂತು ಲೇಖನ ಬರೆದೆ. ಗುರುವಾರ ಬೆಳಿಗ್ಗೆ, ಮುಗಿಯುತ್ತ ಬಂದಿದ್ದಾಗ, ಗಾಳಿಯಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಲಾಗ್ ಪುಸ್ತಕ.

“ಆ ಸೀಸೆ ಸರಿಯಿಲ್ಲ ಕಣೇ.”

“ಯಾವ ಸೀಸೆ?”

“ಕೋಸು. ಅದರಲ್ಲಿ ಬರೀ ಕೋಸಿಲ್ಲ. ಹಿಂದೆ ಇನ್ನೊಂದು ವಾಸನೆ ಇದೆ. ಪೇಂಟಿಗೆ ಹಾಕೋ ಥಿನ್ನರ್ ಥರದ್ದು.”

ನನಗೆ ಕೋಪ ಬಂತು. ಕೋಸಿನ ನಾತದ ಹಿಂದೆ ಇನ್ನೊಂದು ವಾಸನೆ ಹಿಡಿಯಲು ಮನುಷ್ಯರಿಂದ ಸಾಧ್ಯವೇ ಇಲ್ಲ ಎಂದೆ. ಸೀಸೆಯ ಜೊತೆ ಬಂದಿದ್ದ ಕಾಗದ ತೆಗೆದು ತೋರಿಸಿದೆ: ಶುದ್ಧ, ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು. ಅವರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು, ಅಲ್ಲಾಡಲಿಲ್ಲ.

“ಮೂಗು ಉಪಕರಣ ಅಲ್ಲ ಅಂತ ನಿಮ್ಮ ಗೋಡೆ ಮೇಲೇ ಬರೆದಿದೆ” ಎಂದೆ. “ಓದೋಕೆ ಬರಲ್ವಾ ನಿಮಗೆ?”

ಗಾಜು ತೊಳೆಯಲು ಬಂದು, ಮಗಳ ಶಾಲೆ ಪುಸ್ತಕ ಇಟ್ಟುಕೊಂಡು ತಾವೂ ಓದಿ ಪರೀಕ್ಷೆ ಕಟ್ಟಿದವರಿಗೆ ನಾನು ಹೇಳಿದ ಮಾತು ಇದು. ಹೇಳಿ ಮುಗಿಸುವ ಮೊದಲೇ ವಾಪಸು ನುಂಗಬೇಕೆನಿಸಿತು. ಆಡಿಯಾಗಿತ್ತು.

ಗಾಳಿಯಮ್ಮ ಪುಸ್ತಕ ತೆರೆದು ನನ್ನ ಮುಂದಿಟ್ಟರು. “ಬರುತ್ತೆ. ಬರೆಯೋಕೂ ಬರುತ್ತೆ. ನೋಡು.” ಸೋಮವಾರದ ಸಾಲಿನ ಷರಾದಲ್ಲಿ, ಗುರುವಾರ ಬೆಳಿಗ್ಗೆ ಪೆನ್ಸಿಲಿನಲ್ಲಿ ಬರೆದದ್ದು: “ಹಿಂದೆ ಇನ್ನೊಂದು ವಾಸನೆ. ಸೀಸೆ ಅನುಮಾನ. ತಡವಾಗಿ ಬರೆದಿದ್ದೇನೆ. ತಪ್ಪು ನನ್ನದು.”

ಪುಸ್ತಕದಲ್ಲಿ ಬಿದ್ದ ಮೇಲೆ ಅದನ್ನು ದಾಟಿ ಹೋಗುವ ಹಾಗಿಲ್ಲ. ಅದು ನಮ್ಮಲ್ಲಿನ ಕಟ್ಟುನಿಟ್ಟು. ನಾನು ಪುಸ್ತಕ ಎತ್ತಿಕೊಂಡು ದೊಡ್ಡ ಮೇಷ್ಟ್ರ ಕೋಣೆಗೆ ನುಗ್ಗಿ ಕೂಗಾಡಿದೆ. ಅವರು ಷರಾ ಓದಿದರು. ಬೆನ್ನು ಹಿಂದಕ್ಕೆ ಒರಗಿಸಿ, “ಆ ಹಲಗೆ ಹೊಡೆಸಿದ್ಯಾಕೆ ಗೊತ್ತಾ?” ಎಂದರು. “ಅವಳ ಮೂಗು ನೋಡಿ ಉಳಿದವರೂ ಮೂಸೋಕೆ ಶುರು ಮಾಡಿದ್ರು. ಅದಕ್ಕೆ. ಸೀಸೆ ಕೆಳಗೆ ಕಳಿಸು.”

ಕೆಳಗೆ ಎಂದರೆ ಮೊದಲ ಮಹಡಿಯ ರಸಾಯನ ವಿಭಾಗ. ಮಿಶ್ರಣವನ್ನು ಬಿಡಿಸಿ, ಏನೇನು ಎಷ್ಟೆಷ್ಟಿದೆ ಎಂದು ಹೇಳುವ ಯಂತ್ರ ಅವರಲ್ಲಿದೆ. ಶುಕ್ರವಾರ ಸಂಜೆ ಉತ್ತರ ಬಂತು. ಸೀಸೆಯಲ್ಲಿ ನೂರಕ್ಕೆ ನಾಲ್ಕು ಪಾಲು ಪೆಂಟೇನ್: ಪೆಟ್ರೋಲಿನ ಜಾತಿಯ, ಥಿನ್ನರಿನ ಹತ್ತಿರದ ನಂಟ. ಸೀಸೆ ತುಂಬಿದವರು ತೊಳೆಯಲು ಬಳಸಿ ಒಣಗಿಸದೆ ಬಿಟ್ಟಿರಬೇಕು. ಕೋಸು, ಪೆಂಟೇನ್ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಗೆ, ಮನುಷ್ಯನ ಮೈಬಿಸಿಗೆ, ಕುದಿಯುವ ವಸ್ತುಗಳಾದ್ದರಿಂದ ನಾವು ಎಷ್ಟು ಸಲ ಗಟ್ಟಿ ಮಾಡಿ ಕರಗಿಸಿದರೂ ಬೇರೆಯಾಗಲಿಲ್ಲ. ಬೆಳಕಿನಲ್ಲಿ ಎರಡೂ ತಿನ್ನುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಆದರೆ ಪೆಂಟೇನಿನ ಹಸಿವು ಹಲವು ಪಟ್ಟು ಹೆಚ್ಚು.

ಬೇರೆ ಕಡೆಯಿಂದ ತರಿಸಿದ ಶುದ್ಧ ಸೀಸೆಯಿಂದ ಮುಂದಿನ ಬುಧವಾರ ಮತ್ತೆ ಅಳೆದೆವು. ಗೆರೆಗಳನ್ನು ಒಂದರ ಮೇಲೊಂದು ಇಟ್ಟೆ. ಹೊಂದಲಿಲ್ಲ. ಹತ್ತಿರವೂ ಬರಲಿಲ್ಲ. ನನ್ನ ಗ್ರಹಕ್ಕೆ ಅಷ್ಟು ಚೆನ್ನಾಗಿ ಹೊಂದಿದ್ದು ಕೋಸಲ್ಲ, ಸೀಸೆಯ ಕೊಳೆ. ಪೆಂಟೇನ್ ಜಾತಿಯ ಅನಿಲಗಳಿಗೆ ಜೀವಿಗಳು ಬೇಕಾಗಿಲ್ಲ. ಬರೀ ಬಿಸಿಲು ಬಿದ್ದರೂ ಗ್ರಹದ ಗಾಳಿಯಲ್ಲಿ ತಾವೇ ಹುಟ್ಟಿಕೊಳ್ಳುತ್ತವೆ. ಅಲ್ಲಿ ಯಾರೂ ಇರಲಿಲ್ಲ. ಇದ್ದರೂ ನನಗೆ ಕಂಡಿರಲಿಲ್ಲ.

ನಾನು ಗಾಳಿಯಮ್ಮನ ಕೋಣೆಗೆ ಹೋಗಿ, ಅವರ ಕುರ್ಚಿಯಲ್ಲೇ ಕುಸಿದು ಕೂತು ಅತ್ತೆ. ದೊಡ್ಡವಳಾದ ಮೇಲೆ ಹಾಗೆ ಅತ್ತಿರಲಿಲ್ಲ. ಅವರು ಪಂಪು ಆರಿಸಿದರು. ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಅವರ ಕೈ ನನ್ನ ತಲೆಯ ಮೇಲೆ ಬಂತು.

“ಅವತ್ತು ಓದೋಕೆ ಬರಲ್ವಾ ಅಂದೆ” ಎಂದೆ. “ಅದನ್ನ ಹೊಟ್ಟೆಗೆ ಹಾಕ್ಕೊಳ್ಳಿ ಅಮ್ಮ.”

“ಯಾವಾಗ್ಲೋ ಹಾಕ್ಕೊಂಡೆ. ಅಲ್ವೇ, ನಾನು ಸೀಸೆ ವಿಷಯ ಹೇಳದೆ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತ ಅನಿಸ್ತಿದೆಯಾ?”

ಅನಿಸುತ್ತಿತ್ತು. ಸುಳ್ಳು ಹೇಳಿ ಏನು ಬಂತು? “ಹೌದು” ಎಂದೆ.

“ನಂಗೂ ಅನಿಸಿತ್ತು” ಎಂದರು ಅವರು. “ಸೋಮವಾರ ಬೆಳಿಗ್ಗೆ ಸೀಸೆ ಬಿಚ್ಚಿದ ಕೂಡ್ಲೇ ಗೊತ್ತಾಗಿತ್ತು. ಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ.”

ನಾನು ತಲೆಯೆತ್ತಿ ನೋಡಿದೆ. ಅವರು ಸ್ಟೂಲು ಎಳೆದುಕೊಂಡು ನನ್ನೆದುರು ಕೂತರು. ಆಮೇಲೆ ಹೇಳಿದ್ದನ್ನು ನಾನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

“ನಮ್ಮನೆಯವರು ಯಾವಾಗ್ಲೂ ಥಿನ್ನರ್ ವಾಸನೆ. ಅಂಗಿ, ಕೂದಲು, ದಿಂಬು, ಎಲ್ಲ ಅದೇ. ಮದುವೆಯಾದ ಹೊಸದರಲ್ಲಿ ತಲೆನೋವು ಬರ್ತಿತ್ತು, ಆಮೇಲೆ ಅದಿಲ್ಲದೆ ನಿದ್ದೆ ಬರ್ತಿರಲಿಲ್ಲ. ಕೊನೇ ವರ್ಷ ಅದರ ಜೊತೆ ಇನ್ನೊಂದು ಸೇರ್ಕೊಳ್ತು. ಉಸಿರಲ್ಲಿ. ಒಂಥರಾ ಸಿಹಿ, ಒಂಥರಾ ಮುಗ್ಗಲು. ನಂಗೆ ಗೊತ್ತಾಗ್ತಿತ್ತು ಕಣೇ, ಬೇರೆ ಯಾರಿಗೂ ಆಗ್ತಿರಲಿಲ್ಲ. ಹೊಸ ಕಂಪನಿ ಥಿನ್ನರ್ ತಂದಿದಾರೆ, ಅದು ಹೀಗೆ ನಾರ್ತಿದೆ ಅಂದ್ಕೊಂಡೆ. ಕಿಟಕಿ ತೆಗೀರಿ ಅಂತ ಬೈತಿದ್ದೆ. ಎಂಟು ತಿಂಗಳು ಹಾಗೇ. ಆಮೇಲೆ ಕಣ್ಣು ಹಳದಿ ಆಯ್ತು. ಆಸ್ಪತ್ರೆ ಸೇರಿದ ಮೂರು ವಾರಕ್ಕೆ ಹೋಗ್ಬಿಟ್ರು.”

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

“ಇಲ್ಲಿಗೆ ಸೇರಿ ಎರಡು ತಿಂಗಳಾಗಿತ್ತು. ಯಾರೋ ಕೋಸಿನ ಸೀಸೆ ತೆಗೆದ್ರು. ನಾನು ತೊಳೀತಿದ್ದ ಗಾಜು ಕೈಬಿಟ್ಟು ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ಅದು ಅವರ ಉಸಿರು. ಆಸ್ಪತ್ರೆ ಮಂಚದ ಮೇಲಿನ ಉಸಿರು, ಥಿನ್ನರ್ ಇಲ್ಲದ್ದು. ಮೇಷ್ಟ್ರನ್ನ ಕೇಳಿದೆ, ಇದು ಎಲ್ಲೆಲ್ಲಿ ಇರುತ್ತೆ ಅಂತ. ಪಾಪ, ಅವರಿಗೇನು ಗೊತ್ತು, ಪುಸ್ತಕ ನೋಡಿ ಓದಿ ಹೇಳಿದ್ರು. ಕಡಲಲ್ಲಿ ಇರುತ್ತೆ, ಬೇಯಿಸಿದ ಕೋಸಲ್ಲಿ ಇರುತ್ತೆ, ಲಿವರ್ ಕೆಟ್ಟವರ ಉಸಿರಲ್ಲಿ ಇರುತ್ತೆ. ಅವತ್ತಿಂದ ಗೊತ್ತು ನಂಗೆ. ಅದು ಥಿನ್ನರ್ ಆಗಿರಲಿಲ್ಲ. ಎಂಟು ತಿಂಗಳು ಕಾಯಿಲೆ ನನ್ನ ಮೂಗಿನ ಮುಂದೇ ಇತ್ತು. ನಾನು ಯಾರಿಗೂ ಹೇಳಲಿಲ್ಲ.”

“ನಿಮಗೆ ಹೇಗೆ ಗೊತ್ತಾಗಬೇಕಿತ್ತು ಅಮ್ಮ?”

“ಗೊತ್ತಾಗಬೇಕಿರಲಿಲ್ಲ. ಹೇಳಬೇಕಿತ್ತು. ಡಾಕ್ಟರಿಗೆ ಒಂದು ಮಾತು, ನಮ್ಮನೆಯವರ ಉಸಿರು ಸರಿಯಿಲ್ಲ ಅಂತ.” ಅವರು ಗೂಡಿನ ಕಡೆ ನೋಡಿದರು. “ಆ ಕೊಳಕು ಸೀಸೆ ಇತ್ತಲ್ಲ. ಅದರಲ್ಲಿ ಎರಡೂ ಇತ್ತು ಕಣೇ. ಉಸಿರೂ ಇತ್ತು, ಥಿನ್ನರೂ ಇತ್ತು. ಇಷ್ಟು ವರ್ಷ ನಾನು ತುಂಬಿದ್ದು ಅವರು ಸಾಯೋ ವಾಸನೆ. ಇದು ಬದುಕಿದ್ದಾಗಿನದ್ದು. ಬ್ರಷ್ ಕೈಲಿ ಹಿಡ್ಕೊಂಡು ಮನೆಗೆ ಬರ್ತಿದ್ರಲ್ಲ, ಆಗಿನದ್ದು. ಆಮೇಲೆ ನೀನು ಹೇಳಿದೆ, ಅಲ್ಲೊಂದು ಇಡೀ ಗ್ರಹದ ಗಾಳಿ ಹೀಗೇ ಇದೆ ಅಂತ. ನಂಗೆ ಎಷ್ಟು ಸಂತೋಷ ಆಯ್ತು ಅಂತ ನಿಂಗೆ ಹೇಗೆ ಹೇಳಲಿ. ಆ ಸಂತೋಷಕ್ಕೇ ಸುಮ್ಮನಿದ್ದೆ. ಬುಧವಾರ ರಾತ್ರಿ ಊಟಕ್ಕೆ ಕೂತಾಗ ಅನ್ನಿಸ್ತು, ಮತ್ತೆ ಅದೇ ಮಾಡ್ತಿದೀನಿ. ಮೂಗಿಗೆ ಗೊತ್ತಿದೆ, ಬಾಯಿ ಸುಮ್ಮನಿದೆ.”

ಕಳೆದುಕೊಂಡವಳು ನಾನೊಬ್ಬಳೇ ಎಂದುಕೊಂಡು ಅವರ ಕುರ್ಚಿಯಲ್ಲಿ ಅಳುತ್ತ ಕೂತಿದ್ದೆ. ಆ ಗ್ರಹ ನನಗಿಂತ ಅವರಿಗೆ ಹೆಚ್ಚು ಬೇಕಾಗಿತ್ತು, ಮತ್ತು ಅದನ್ನು ಅವರು ತಮ್ಮ ಕೈಯಾರೆ ಬಿಟ್ಟುಕೊಟ್ಟಿದ್ದರು. ಎದ್ದು ಕುರ್ಚಿ ಅವರಿಗೆ ಬಿಟ್ಟು, ನಾನು ಸ್ಟೂಲಿನ ಮೇಲೆ ಕೂತೆ. ಅಷ್ಟೇ ಹೊಳೆದದ್ದು.

ಎರಡು ದಿನ ನನ್ನ ತಲೆಯಲ್ಲಿ ಗ್ರಹ ಇರಲಿಲ್ಲ, ಆ ಎಂಟು ತಿಂಗಳು ಇತ್ತು. ಅನುಮಾನ ಬಂದರೆ ಅಳೆದು ನೋಡು ಎಂದು ಹೇಳಿಕೊಟ್ಟವರು ಅವರೇ. ತಮ್ಮ ತಪ್ಪನ್ನು ಮಾತ್ರ ಅವರು ಒಂದು ಸಲವೂ ಅಳೆದು ನೋಡಿರಲಿಲ್ಲ. ಶನಿವಾರ ನಾನು ದೊಡ್ಡಾಸ್ಪತ್ರೆಗೆ ಹೋಗಿ ಲಿವರ್ ಡಾಕ್ಟರಿಗೆ ಚೀಟಿ ಮಾಡಿಸಿದೆ. ಬೆಂಚಿನ ಮೇಲೆ ಎರಡೂವರೆ ಗಂಟೆ ಕಾದೆ. ನನ್ನ ಸರದಿ ಬಂದಾಗ ಡಾಕ್ಟರು, “ಏನು ತೊಂದರೆ?” ಎಂದರು.

“ನನಗೇನಿಲ್ಲ” ಎಂದು ಎಲ್ಲ ಹೇಳಿದೆ.

ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. “ಆ ವಾಸನೆ ಶುರುವಿನ ಲಕ್ಷಣ ಅಲ್ಲಮ್ಮ. ಉಸಿರಿಗೆ ಅದು ಬರೋ ಹೊತ್ತಿಗೆ ಲಿವರ್ ಬಹುಪಾಲು ಹೋಗಿರುತ್ತೆ. ಅಷ್ಟು ವರ್ಷದ ಹಿಂದೆ ಆ ಹಂತದಲ್ಲಿ ನಮ್ಮ ಕೈಲಿ ಹೆಚ್ಚೇನೂ ಇರಲಿಲ್ಲ.”

“ಎಂಟು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ?”

“ಎಂಟು ತಿಂಗಳು ಮುಂಚೆ ಮಲಗಿಸ್ತಿದ್ವಿ. ಉಪ್ಪು ಬಿಡಿ, ಕೆಲಸ ಬಿಡಿ, ಹಾಸಿಗೆ ಬಿಟ್ಟು ಏಳಬೇಡಿ ಅಂತಿದ್ವಿ. ಕೆಲವು ವಾರ ಹೆಚ್ಚು ಸಿಗ್ತಿತ್ತೋ ಏನೋ, ಅದೂ ಹೇಳೋಕಾಗಲ್ಲ.”

“ನನ್ನ ಸಮಾಧಾನಕ್ಕೆ ಹೇಳ್ತಿದೀರಾ?”

“ನಿಮಗೆ ನಾನ್ಯಾಕಮ್ಮ ಸಮಾಧಾನ ಹೇಳಲಿ? ನೀವು ರೋಗಿಯೂ ಅಲ್ಲ, ರೋಗಿ ಕಡೆಯವರೂ ಅಲ್ಲ. ಹೊರಗೆ ನಲವತ್ತು ಜನ ಕಾಯ್ತಿದಾರೆ.”

ಆದರೂ ನಾನು ಏಳಲಿಲ್ಲ. ಇನ್ನೊಂದು ಸಲ ಕೇಳಿದೆ, ಬೇರೆ ಮಾತಿನಲ್ಲಿ. ಅದೇ ಉತ್ತರ ಬಂತು. ಬಾಗಿಲವರೆಗೆ ಹೋಗಿ ತಿರುಗಿ ಬಂದು ಮೂರನೇ ಸಲ ಕೇಳಿದಾಗ ನರ್ಸು ನನ್ನ ತೋಳು ಹಿಡಿದು ಹೊರಗೆ ಬಿಟ್ಟರು.

ಸೋಮವಾರ ಬೆಳಿಗ್ಗೆ ಗಾಳಿಯಮ್ಮ ನಳಿಗೆಗಳನ್ನು ಒರೆಸುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ, ಡಾಕ್ಟರು ಹೇಳಿದ್ದನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದೆ. ಕೆಲವು ವಾರದ ಮಾತನ್ನೂ ಹೇಳಿದೆ. ಅವರು ಒರೆಸುತ್ತಲೇ ಇದ್ದರು. ಒರೆಸಿದ ನಳಿಗೆಯನ್ನೇ ಮತ್ತೆ ಒರೆಸಿದರು.

“ಸರಿಯಾಗಿ ಕೇಳಿದ್ಯಾ? ಎರಡು ಸಲ ಕೇಳಿದ್ಯಾ?”

“ಮೂರು ಸಲ. ಕತ್ತು ಹಿಡಿದು ಆಚೆಗೆ ಹಾಕಿದ್ರು.”

ಅವರ ಮುಖದಲ್ಲಿ ನಗು ಬರಬೇಕಿತ್ತು, ಬರಲಿಲ್ಲ. ಬಟ್ಟೆ ಕೆಳಗಿಟ್ಟು, ಕನ್ನಡಕ ತೆಗೆದು, ಕುರ್ಚಿಯ ಮೇಲೆ ಕೂತರು. ನಾನು ತಪ್ಪು ಮಾಡಿದೆನೇನೋ, ಕೆದಕಬಾರದಿತ್ತೇನೋ ಎಂದು ಹೆದರಿಕೆಯಾಯಿತು.

“ಮಲಗಿಸ್ತಿದ್ರಂತಾ?” ಎಂದರು ಕೊನೆಗೆ.

“ಹೂಂ.”

“ಕೆಲಸ ಬಿಡಿಸ್ತಿದ್ರಂತಾ?”

“ಹೂಂ ಅಮ್ಮ.”

“ಆ ಎಂಟು ತಿಂಗಳಲ್ಲಿ ಅವರು ನಲವತ್ತೊಂದು ಬೋರ್ಡ್ ಬರೆದ್ರು ಕಣೇ.” ಅವರ ದನಿ ಮೊದಲು ಮೆಲ್ಲಗಿತ್ತು, ಹೇಳುತ್ತ ಹೇಳುತ್ತ ಗಟ್ಟಿಯಾಯಿತು. “ಅಷ್ಟು ಚೆನ್ನಾಗಿ ಹಿಂದೆ ಯಾವತ್ತೂ ಬರೆದಿರಲಿಲ್ಲ. ಒಂದು ದಿನ ಶಾಲೆ ಬೋರ್ಡ್ ಬರೆದು, ಮೇಲಿಂದ ಕೂಗಿ ಕೇಳಿದ್ರು, ಅಕ್ಷರ ನೆಟ್ಟಗಿದೆಯಾ ನೋಡು ಅಂತ. ಕುತ್ತಿಗೆ ಮೇಲೆ ಬಣ್ಣ, ಮೀಸೆ ಮೇಲೆ ಬಣ್ಣ, ಹಾಡು ಬೇರೆ. ನಾನು ಬಾಯಿಬಿಟ್ಟಿದ್ರೆ ಮಂಚದ ಮೇಲೆ ಇರ್ತಿದ್ದವರು ಏಣಿ ಮೇಲಿದ್ರು.”

ಅವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಮುಚ್ಚಿದ ಕೈಗಳ ಒಳಗಿನಿಂದಲೇ ಹೇಳಿದರು:

“ಏಣಿ ಹಿಡ್ಕೊಂಡಿದ್ದವಳು ನಾನೇ.”